ಗಂಟು ಕಾಣಲಿ

ಮುಂಬೈಯ ಮಾಟುಂಗಾದಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳಿವು. ಅಲ್ಲಿ ಬಟ್ಟೆ ಎಲ್ಲರ ಕೈಗೆ ಸಿಗುತ್ತಿತ್ತು, ಇಲ್ಲಿ ಸಿಗುವುದಿಲ್ಲ. ಅದಕ್ಕೇ ಬರೆಯುವಾಗ ಕೆಲವು ಕಡೆ ವಿವರ ಜಾಸ್ತಿ ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಕೌದಿ ಹಿಡಿಯಿರಿ. ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ನನ್ನ ಮಾತು ಮುಗಿಯುವುದರೊಳಗೆ ಹಿಂದಿನ ಸಾಲಿನವರೆಗೂ ಹೋಗಿ ಬರಲಿ. ತಿರುಗಿಸಿ ಬೆನ್ನನ್ನೂ ನೋಡಿ. ಗ್ಯಾಲರಿಗಳಲ್ಲಿ ಮುಟ್ಟಬೇಡಿ ಅಂತ ಬರೆದಿರುತ್ತಾರೆ. ಬಟ್ಟೆಯ ಮಟ್ಟಿಗೆ ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಬಟ್ಟೆ ಅರ್ಥವಾಗುವುದೇ ಬೆರಳಿಗೆ.

ನನ್ನನ್ನು ಫೈಬರ್ ಆರ್ಟಿಸ್ಟ್ ಅಂತ ಪರಿಚಯ ಮಾಡಿಕೊಟ್ಟರು. ನೂಲು, ನಾರು, ಹಗ್ಗ, ಹಳೆ ಬಟ್ಟೆ, ಇವುಗಳಿಂದ ಕಲಾಕೃತಿ ಮಾಡುವವಳು ಅಂತ ಅರ್ಥ. ಹೊಲಿಯುತ್ತೇನೆ, ಹೆಣೆಯುತ್ತೇನೆ, ಗಂಟು ಹಾಕುತ್ತೇನೆ, ಒಮ್ಮೊಮ್ಮೆ ನೇಯುತ್ತೇನೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ ಬರುತ್ತದೆ: ನಿಮಗೆ ಇದೆಲ್ಲ ಹೊಳೆಯುವುದು ಹೇಗೆ? ಬಹಳ ವರ್ಷ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ ಅನಿಸುತ್ತದೆ. ಎರಡು ಎಳೆ, ಎರಡು ಬಟ್ಟೆ ಎಲ್ಲಿ ಕೂಡುತ್ತವೋ ಆ ಜಾಗವನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ನನ್ನ ಕೆಲಸವೆಲ್ಲ ಅಲ್ಲೇ ಹುಟ್ಟಿದೆ. ಇವತ್ತು ಅದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಅವ್ವನ ತವರು ಇಳಕಲ್ ಹತ್ತಿರದ ಒಂದು ಹಳ್ಳಿ. ಅಜ್ಜನ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ ಇತ್ತು, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಬೇಸಿಗೆ ರಜೆಗೆ ಹೋದರೆ ಬೆಳಗ್ಗೆ ಲಾಳಿಯ ಸದ್ದಿಗೇ ಎಚ್ಚರವಾಗುತ್ತಿತ್ತು. ಇಳಕಲ್ ಸೀರೆ ಇಲ್ಲಿ ಬಹಳ ಜನರ ಮನೆಯಲ್ಲಿ ಇದ್ದೇ ಇರುತ್ತದೆ, ಅಲ್ವಾ? ಮನೆಗೆ ಹೋದ ಮೇಲೆ ಅದರ ಸೆರಗು ಶುರುವಾಗುವ ಜಾಗ ನೋಡಿ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಟೋಪ್ ತೆನಿ ಅಂತಾರಲ್ಲ, ಆ ಸೆರಗು ಬರುವುದು ಹೀಗೆ. ಹಾಗಾಗಿ ಹತ್ತಾರು ಸೀರೆಗೆ ಆಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಹೂಡಿ ಕೂರುವಂತಿಲ್ಲ. ಒಂದು ಸೀರೆಗೆ ಒಂದು ಹಾಸು. ಆರು ಗಜವೋ, ಎಂಟು ಗಜವೋ, ಒಂಬತ್ತು ಗಜವೋ, ಅಷ್ಟೇ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕುಣಿಕೆ ಹಾಕಬೇಕು.

ದಡಿಯಲ್ಲೂ ಹೀಗೇ. ಮೂರು ಲಾಳಿ ಓಡುತ್ತವೆ. ಎರಡು ಪಕ್ಕದ ದಡಿಗೆ ಎರಡು, ಒಡಲಿಗೆ ಒಂದು. ದಡಿಯ ಹೊಕ್ಕು, ಅಂದರೆ ಲಾಳಿ ಅಡ್ಡಕ್ಕೆ ತರುವ ಎಳೆ, ಒಡಲಿನ ಹೊಕ್ಕಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡು ತಿರುಗಿ ಹೋಗುತ್ತದೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಎಷ್ಟು ಸರಿಯಾದ ಹೆಸರು ನೋಡಿ.

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಹೊಸ್ತಿಲ ಬೆಳಕಿಗೆ ಕೂತು ಆ ಕುಣಿಕೆಗಳನ್ನು ಹಾಕುತ್ತಿದ್ದಳು. ಬೆರಳಿಗೆ ಸ್ವಲ್ಪ ಬೂದಿ ಹಚ್ಚಿಕೊಂಡು, ಎಳೆ ಎತ್ತಿ, ಸಿಕ್ಕಿಸಿ, ಎಳೆದು ನೋಡುವುದು. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ಒಮ್ಮೆ ಕೇಳಿದೆ, ಇದು ಇಲ್ಲೇ ಕಿತ್ತು ಬಂದರೆ? ಆಯಿ ತಲೆ ಎತ್ತಲಿಲ್ಲ. "ಯವ್ವಾ, ಸೀರಿ ಹರಿಯೂದು ನಡುವ. ಕೂಡಿಸಿದಲ್ಲಿ ಹರಿಯಂಗಿಲ್ಲ" ಅಂದಳು. ಮುಂದೆ ನೂರಾರು ಹಳೆ ಸೀರೆಗಳನ್ನು ಬಿಚ್ಚಿ ಕತ್ತರಿಸಿದ್ದೇನೆ. ಕೂರುವ ಜಾಗ, ಮೊಣಕಾಲಿನ ಜಾಗ, ಸೊಂಟಕ್ಕೆ ಸಿಕ್ಕಿಸುವ ಜಾಗ ಜಾಳಾಗಿರುತ್ತದೆ. ಸೆರಗು ಕೂಡಿದ ಸಾಲು ಹಾಗೇ ಇರುತ್ತದೆ.

ಇನ್ನು ಅಪ್ಪ. ಅವರು ಮುಂಬೈಗೆ ಬಂದು ಲಾಲ್‌ಬಾಗಿನ ಒಂದು ಗಿರಣಿ ಸೇರಿದರು. ಈ ಊರಿನಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ್ದು ಕಾವಸಜಿ ದಾವರ್, 1854ರಲ್ಲಿ, ತಾಡದೇವದಲ್ಲಿ. ಆಮೇಲೆ ಗಿರಣಿಗಳು ಸಾಲುಸಾಲಾಗಿ ಬಂದವು. ಬಂದರು, ರೈಲು, ದುಡ್ಡು ಎಲ್ಲ ಕಾರಣ ಸರಿ. ಇಲ್ಲಿನ ತೇವದ ಗಾಳಿಯೂ ಒಂದು ಕಾರಣ. ಒಣ ಹವೆಯಲ್ಲಿ ಹತ್ತಿಯ ಎಳೆ ಪಟಪಟ ತುಂಡಾಗುತ್ತದೆ, ತೇವ ಇದ್ದರೆ ತಾಳುತ್ತದೆ. ಹತ್ತಿಯ ಸ್ವಭಾವವೇ ಹಾಗೆ, ನೆನೆದಾಗ ಅದರ ಬಲ ಹೆಚ್ಚು. ಉಣ್ಣೆ, ರೇಷ್ಮೆ, ರೇಯಾನ್ ಹಾಗಲ್ಲ, ನೆನೆದರೆ ಸೋಲುತ್ತವೆ. ನಾನು ಇವತ್ತು ಯಾವುದಕ್ಕೆ ಯಾವ ನೂಲು ಅಂತ ತೀರ್ಮಾನ ಮಾಡುವಾಗ ಮೊದಲು ನೆನಪಾಗುವುದೇ ಇದು. ನಾಲ್ಕು ತಿಂಗಳು ಮಳೆ ಸುರಿಯುವ ಊರಲ್ಲಿ ತೂಗುಹಾಕುವ ಕೃತಿಯ ಭಾರ ಹೊರಬೇಕಾದದ್ದು ಹತ್ತಿಯ ಹುರಿ.

ಅಪ್ಪ ರಿಂಗ್ ಖಾತೆಯಲ್ಲಿ, ಅಂದರೆ ಗಿರಣಿಯ ನೂಲುವ ವಿಭಾಗದಲ್ಲಿ, ಪೀಸರ್. ನೂಲುವ ಯಂತ್ರದಲ್ಲಿ ಎಳೆ ತುಂಡಾದರೆ ಓಡಿ ಹೋಗಿ ಜೋಡಿಸುವ ಕೆಲಸ. ಯಂತ್ರ ನಿಲ್ಲುವುದಿಲ್ಲ. ಪಕ್ಕದ ಕದಿರುಗಳೆಲ್ಲ ಗರಗರ ತಿರುಗುತ್ತಲೇ ಇರುತ್ತವೆ. ಆ ಒಂದು ಕದಿರನ್ನು ಹಿಡಿದು, ಎಳೆಯ ತುದಿ ಹುಡುಕಿ, ಮೇಲಿನ ಉರುಳೆಯಿಂದ ಇಳಿಯುತ್ತಿರುವ ಹತ್ತಿಗೆ ಮುಟ್ಟಿಸಬೇಕು. ತಿರುವು ತಾನಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಗಂಟು ಇಲ್ಲ. "ಗಂಟ ಹಾಕಿದ್ರ ನೂಲು ಕೆಡತೈತಿ, ತಿರುವಿಗೆ ತಿರುವು ಹಿಡಸಬೇಕು" ಅನ್ನುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾಗಲೂ ಅವರ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜುತ್ತಿದ್ದವು. ನಿದ್ದೆಯಲ್ಲೂ ಎಳೆ ಜೋಡಿಸುತ್ತಿದ್ದರು.

1982ರ ಜನವರಿ 18ಕ್ಕೆ ಗಿರಣಿಗಳ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವ, ಸುಮಾರು 2.5 ಲಕ್ಷ ಕಾರ್ಮಿಕರು. ನನಗೆ ಆಗ ಒಂಬತ್ತು ವರ್ಷ. ಆ ಕಥೆ ಇಲ್ಲಿ ಕೂತ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ನಮ್ಮ ಚಾಳಿನ ಮೊಗಸಾಲೆಯಲ್ಲಿ ಆ ವರ್ಷ ಏನಾಯಿತು ಅನ್ನುವುದು.

ಅವ್ವ ಕೌದಿ ಹೊಲಿಯಲು ಕೂತಳು. ಮೊದಲು ನಮಗಾಗಿ, ಆಮೇಲೆ ದುಡ್ಡಿಗಾಗಿ. ಅಕ್ಕಪಕ್ಕದ ಮರಾಠಿ ಹೆಂಗಸರು ಅದನ್ನು ಗೋಧಡಿ ಅಂದರು. ಮನೆಮನೆಯಿಂದ ಹಳೆ ಸೀರೆ, ಧೋತರ, ಮಕ್ಕಳ ಅಂಗಿ ತಂದುಕೊಟ್ಟರು. ಕೆಳಗೆ ಒಂದು ಸೀರೆ ಹಾಸುವುದು. ಅದರ ಮೇಲೆ ಹರಿದ ಬಟ್ಟೆಯ ಪದರ. ಮೇಲೆ ತೇಪೆ. ಆಮೇಲೆ ಉದ್ದಕ್ಕೂ ಸಣ್ಣ ಹೊಲಿಗೆ, ಬೆರಳಗಲ ಬಿಟ್ಟು ಮತ್ತೊಂದು ಸಾಲು. ಅವ್ವ ಒಂದು ದಿನವೂ ಕಾಗದದ ಮೇಲೆ ಗೆರೆ ಎಳೆದವಳಲ್ಲ. ಬಟ್ಟೆಯ ಮೂಟೆಯಲ್ಲಿ ಏನಿದೆಯೋ ಅದನ್ನು ನೋಡಿ ಮುಂದಿನ ತೇಪೆ. ಕೆಂಪು ಮುಗಿದರೆ ಕೆಂಪು ಮುಗಿಯಿತು. ಅಲ್ಲಿ ಹಸಿರು ಬರುತ್ತದೆ. ಯಾವ ಬಟ್ಟೆ ಯಾವುದರ ಪಕ್ಕ ಕೂರಬೇಕು ಅನ್ನುವುದರಲ್ಲಿ ಮಾತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಇಟ್ಟು, ದೂರ ಸರಿದು ನೋಡಿ, ತೆಗೆದು, ಮತ್ತೆ ಇಟ್ಟು.

ಅಪ್ಪ ಹಗಲಿಡೀ ಮನೆಯಲ್ಲೇ ಇರುತ್ತಿದ್ದರು. ಮೊದಲು ಸುಮ್ನೆ ಕೂತು ನೋಡುತ್ತಿದ್ದರು. ಒಂದು ದಿನ ಸೂಜಿಗೆ ದಾರ ಪೋಣಿಸಿ ಕೊಟ್ಟರು. ಮತ್ತೊಂದು ದಿನ ಅವ್ವನ ಎದುರು ತುದಿಯಲ್ಲಿ ಕೂತು ಹೊಲಿಯಲು ಶುರು ಮಾಡಿದರು. ನಿಮ್ಮ ಕೈಯಲ್ಲಿ ಓಡಾಡುತ್ತಿರುವುದು ಆ ವರ್ಷದ ಕೌದಿ. ಒಂದು ಕಡೆಯ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣ, ಅದು ಅವ್ವನದು. ಇನ್ನೊಂದು ಕಡೆ ಉದ್ದುದ್ದ, ಸ್ವಲ್ಪ ಸೊಟ್ಟ. ಅದು ಅಪ್ಪನದು. ನಡುವೆ ಇಬ್ಬರೂ ಎದುರಾದ ಸಾಲನ್ನು ಬೆರಳಿಟ್ಟು ಹುಡುಕಿ, ಸಿಗುತ್ತದೆ. ನಾನು ಕಂಡ ಎಲ್ಲ ಚಿತ್ರಗಳಿಗಿಂತ ಆ ಸಾಲು ನನಗೆ ದೊಡ್ಡದು.

ಬಹಳ ವರ್ಷದ ಮೇಲೆ ಉತ್ತರ ಕನ್ನಡದ ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದೆ. ಅವರು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ಒಳಗೆ ಬರುತ್ತಾರೆ. ತೇಪೆ ಇಡುವುದೂ ಹೊಲಿಯುವುದೂ ಜೊತೆಗೇ ನಡೆಯುತ್ತದೆ. ಕೊನೆಗೆ ನಟ್ಟನಡುವೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಅದಿಲ್ಲದೆ ಕೌದಿ ಪೂರ್ತಿ ಆಯಿತು ಅನ್ನುವುದಿಲ್ಲ. ನಡುವಿನಿಂದ ಶುರು ಮಾಡಿ ಹೊರಗೆ ಹೋಗಬೇಕು ಅಂತ ನನಗೆ ಕಲಾಶಾಲೆಯಲ್ಲಿ ಕಲಿಸಿದ್ದರು. ಅವತ್ತಿನಿಂದ ನಾನು ಅಂಚಿನಿಂದ ಒಳಗೆ ಬರುತ್ತೇನೆ.

ಇದಕ್ಕೆ ಪೂರಾ ಉಲ್ಟಾ ಇನ್ನೊಂದು ಪಾಠ ಧಾರವಾಡದ ಚಿಗವ್ವನ ಹತ್ತಿರ ಆಯಿತು. ಅದು ಕಸೂತಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಗೋಪುರ ಏಳಬೇಕು, ತೇರು ನಿಲ್ಲಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಖಾಲಿ ಜಾಗವನ್ನು ಬರುವಾಗ ತುಂಬುತ್ತಾರೆ, ಹಾಗಾಗಿ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಗಂಟು ಹಾಕುವುದು ದೊಡ್ಡ ತಪ್ಪು. ನಾನು ಗಂಟು ಹಾಕಿದ್ದಕ್ಕೆ ಚಿಗವ್ವ ಒಂದು ಇಡೀ ಮಧ್ಯಾಹ್ನದ ಕೆಲಸವನ್ನು ಬಿಚ್ಚಿಸಿದಳು. ಇವತ್ತಿಗೂ ಕಸೂತಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಅದು ನನ್ನ ದಾರಿ ಅಲ್ಲ ಅಂತ ಅವತ್ತೇ ಗೊತ್ತಾಯಿತು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅನ್ನುವುದನ್ನು ಮರೆಸುವುದರಲ್ಲಿ ಕಸೂತಿಯ ಹೆಚ್ಚುಗಾರಿಕೆ ಇದೆ. ನನಗೆ ಅದೇ ಕಾಣಬೇಕು.

ನಾನು ಯಾರಿಂದ ಕಲಿತೆ ಅಂತಲೂ ಕೇಳುತ್ತಾರೆ. ಮನೆಯವರನ್ನು ಬಿಟ್ಟು ಇಬ್ಬರನ್ನು ಹೇಳುತ್ತೇನೆ, ಇಬ್ಬರದೂ ಈ ಊರಿನ ನಂಟು. ಮುಂಬೈಯ ನೇಯ್ಗೆ ಕಲಾವಿದೆ ಮೋನಿಕಾ ಕೊರಿಯಾ ಮಗ್ಗದ ಹಣಿಗೆಯನ್ನೇ ನೇಯ್ಗೆಯ ನಡುವೆ ತೆಗೆದುಬಿಟ್ಟವರು. ಹಾಸಿನ ಎಳೆಗಳನ್ನು ಸಮ ಅಂತರದಲ್ಲಿ ಹಿಡಿದಿಡುವುದು ಹಣಿಗೆ. ಅದು ಹೋದ ಮೇಲೆ ಎಳೆಗಳು ತಮಗೆ ಬೇಕಾದ ಕಡೆ ಬಾಗುತ್ತವೆ, ಒಂದನ್ನೊಂದು ಸೇರುತ್ತವೆ, ಅಗಲುತ್ತವೆ. ಮಗ್ಗದ ಮನೆಯಲ್ಲಿ ಬೆಳೆದ ನನಗೆ ಇದನ್ನು ಮೊದಲು ಕೇಳಿದಾಗ ಎದೆ ಧಸಕ್ಕೆಂದಿತು. ಅಜ್ಜನ ಮನೆಯಲ್ಲಿ ಹಣಿಗೆಗೆ ಕುಂಕುಮ ಹಚ್ಚುತ್ತಿದ್ದರು.

ಇನ್ನೊಬ್ಬರು ಶಿಲ್ಪಿ ಮೃಣಾಲಿನಿ ಮುಖರ್ಜಿ. 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಓದಿದ್ದು ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಕೈಕೆಳಗೆ, ಕೆಲಸ ಮಾಡಿದ್ದು ದೆಹಲಿಯಲ್ಲಿ. ಬಜಾರಿನ ನಾರಿನ ಹಗ್ಗಕ್ಕೆ ಬಣ್ಣ ಕಟ್ಟಿ, ಬರೀ ಗಂಟುಗಳಿಂದ ಆಳೆತ್ತರದ ಮೂರ್ತಿಗಳನ್ನು ಮಾಡಿದರು. ಮೊದಲೇ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. 2015ರ ಆರಂಭದಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ತೆರೆಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನಾನು ಸುದ್ದಿ ಕೇಳಿದ ಮೇಲೆ ರೈಲು ಹತ್ತಿ ಹೋಗಿ ನೋಡಿದೆ. ಹಗ್ಗದ ಮಡಿಕೆಗಳು ಹೂವಿನ ಎಸಳಿನ ಹಾಗೆ, ಮೈಯ ಹಾಗೆ, ಗರ್ಭಗುಡಿಯ ಹಾಗೆ. ಹತ್ತಿರ ಹೋದರೆ ಗಂಟು, ಗಂಟು, ಗಂಟು. ಒಂದನ್ನೂ ಅಡಗಿಸಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅದಕ್ಕೂ ಸ್ವಲ್ಪ ಮುಂಚೆ ನನಗೊಂದು ಪೆಟ್ಟು ಬಿದ್ದಿತ್ತು. ಅದನ್ನು ಹೇಳಲೇಬೇಕು. ಒಂದು ಕಂಪನಿಯವರು ತಮ್ಮ ಹೊಸ ಆಫೀಸಿಗೆ ಎಂಟು ಅಡಿ ಎತ್ತರದ ಕೃತಿ ಮಾಡಿಸಿದ್ದರು. ಕೌದಿಯ ತುಂಡುಗಳ ನಡುವೆ ಹಳೆ ಮೀನುಬಲೆ, ಎರಡನ್ನೂ ಕೂಡಿಸುವುದು ಗಂಟುಗಳು. ಪ್ರತಿ ಗಂಟಿನ ತುದಿಯನ್ನು ಬೆರಳುದ್ದ ಬಿಟ್ಟಿದ್ದೆ. ಗಾಳಿ ಬಂದರೆ ಆ ತುದಿಗಳು ಜೊಂಡಿನ ಹಾಗೆ ಆಡುತ್ತಿದ್ದವು. ಏಳು ತಿಂಗಳ ಕೆಲಸ. ಉದ್ಘಾಟನೆಯ ದಿನ ಹೋಗಿ ನೋಡುತ್ತೇನೆ, ಎಲ್ಲ ತುದಿಗಳನ್ನೂ ಬುಡಕ್ಕೆ ಕತ್ತರಿಸಿಬಿಟ್ಟಿದ್ದಾರೆ. "ಮೇಡಂ, ದಾರ ಜೋತಾಡ್ತಿತ್ತು, ನೀಟಾಗಿ ಫಿನಿಶಿಂಗ್ ಮಾಡಿಸಿದ್ವಿ" ಅಂದರು. ಒಳ್ಳೆಯದು ಮಾಡಿದೆವು ಅಂತಲೇ ಅವರು ನಂಬಿದ್ದರು. ನನಗೆ ಮಾತು ಬರಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮೂರು ವಾರದಲ್ಲಿ ಅವರೇ ಫೋನ್ ಮಾಡಿದರು. ಕೃತಿ ಬಿಚ್ಚಿಕೊಳ್ಳುತ್ತಿದೆ, ಬಲೆ ಕಳಚಿ ಬೀಳುತ್ತಿದೆ ಅಂತ. ವಾಪಸ್ ತಂದು ನೆಲದ ಮೇಲೆ ಹರಡಿದೆ. ಹತ್ತಿಯ ಗಂಟುಗಳು ಹಾಗೇ ಕಚ್ಚಿಕೊಂಡಿದ್ದವು. ನೈಲಾನ್ ಗಂಟುಗಳು ಜಾರಿದ್ದವು. ಬಾಲ ಇಲ್ಲದ ಗಂಟು ನಿಲ್ಲುವುದಿಲ್ಲ. ನಾನು ಚಂದಕ್ಕೆ ಅಂತ ಬಿಟ್ಟಿದ್ದ ತುದಿಗಳೇ ಎಲ್ಲವನ್ನೂ ಹಿಡಿದಿದ್ದವು.

ಆಗ ನಾನು ವರ್ಸೋವಾದ ಕೋಳಿವಾಡಕ್ಕೆ, ಅಂದರೆ ಮೀನುಗಾರರ ಕೇರಿಗೆ, ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ಬಲೆ ರಿಪೇರಿ ಮಾಡುವ ಕಾಲವೂ ಅದೇ. ತಾಡಪತ್ರಿಯ ಕೆಳಗೆ ಕೂತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದ ಒಬ್ಬ ಹಿರಿಯರ ಪಕ್ಕ ಕೂತೆ. ಕಾಕಾ ಅಂತ ಕರೆದೆ. ನನ್ನ ಗಂಟುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಹತ್ತಿ ಬಲೆ ಇದ್ದಾಗ ಒಂಟಿ ಗಂಟು ಸಾಕಿತ್ತು, ನೈಲಾನ್ ನುಣುಪು, ಅದಕ್ಕೆ ಎರಡು ಸುತ್ತು ಹಾಕು ಅಂದರು. ಮರಾಠಿಯಲ್ಲಿ ಅವರು ಹೇಳಿದ್ದು ಇಷ್ಟೇ. ಆಮೇಲೆ ಬರೀ ಕೈ ತೋರಿಸಿದರು. ಆ ಮಳೆಗಾಲ ವಾರಕ್ಕೆ ಎರಡು ದಿನ ಹೋಗಿ ಕೂತೆ. ಹಿಂದೆ ಹತ್ತಿಯ ಬಲೆ ಕೊಳೆಯದಿರಲಿ ಅಂತ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರಂತೆ. ನಾನು ಬಟ್ಟೆಗೆ ಬಣ್ಣ ಹಿಡಿಯಲಿ ಅಂತ ಅಳಲೆಕಾಯಿಯ ನೀರಲ್ಲಿ ಅದ್ದುತ್ತೇನೆ. ಎರಡರಲ್ಲೂ ಇರುವುದು ಅದೇ ಒಗರು. ಅದು ಗೊತ್ತಾದ ದಿನ ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಖುಷಿಯಲ್ಲಿದ್ದೆ.

ಆ ಕೃತಿಯನ್ನು ಪೂರ್ತಿ ಮತ್ತೆ ಕಟ್ಟಿದೆ. ಈ ಸಲ ತುದಿಗಳು ಗೇಣುದ್ದ. ಪಕ್ಕದಲ್ಲಿ ಒಂದು ಚೀಟಿ ಹಾಕಿಸಿದೆ: ದಾರ ಕತ್ತರಿಸಬಾರದು, ಮುಟ್ಟಬಹುದು.

ಕೆಲಸ ದಿನಾ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಟೇಲರ್ ಅಂಗಡಿಗಳಿಂದ ಚಿಂದಿಯ ಚೀಲ ತರುತ್ತೇನೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಗೊತ್ತಲ್ವಾ, ಅವರ ಹತ್ತಿರ ಹಳೆ ಸೀರೆ ಕೊಳ್ಳುತ್ತೇನೆ. ಯಾವುದು ಯಾವ ನೂಲು ಅಂತ ಸಂಶಯ ಬಂದರೆ ಒಂದು ಎಳೆ ಸುಡುತ್ತೇನೆ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾಗುತ್ತದೆ. ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಇನ್ನೊಂದು ಸಂಜೆ ಬೇಕು. ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆ, ಪಟಿಕ ಹಾಕಿದರೆ ಹಳದಿ, ತುಕ್ಕಿನ ನೀರು ಹಾಕಿದರೆ ಬೂದು ಹಸಿರು. ಅಷ್ಟು ಸಾಕು.

ಆಮೇಲೆ ನೆಲ. ನನ್ನ ಮನೆಯ ಹಾಲ್‌ನಲ್ಲಿ ಸೋಫಾ ಸರಿಸಿದರೆ ಸಿಗುವುದು ನಾಲ್ಕು ಅಡಿ ಅಗಲ. ಹಾಗಾಗಿ ಎಷ್ಟೇ ದೊಡ್ಡ ಕೃತಿಯಾದರೂ ನಾಲ್ಕು ನಾಲ್ಕು ಅಡಿಯ ಪಟ್ಟಿಗಳಲ್ಲೇ ಮಾಡಬೇಕು. ಲಿಫ್ಟಿನಲ್ಲಿ ಹಿಡಿಯಬೇಕು, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಹೋಗಬೇಕು. ಒಬ್ಬ ವಿಮರ್ಶಕರು ನನ್ನ ಕೃತಿಗಳಲ್ಲಿ ಪದೇ ಪದೇ ಬರುವ ಆ ಉದ್ದನೆಯ ಜೋಡಣೆಗಳಿಗೆ ದೊಡ್ಡ ಅರ್ಥ ಹೇಳಿದ್ದರು. ಅದು ನನ್ನ ಹಾಲ್‌ನ ಅಗಲ. ಜಾಗ ಇದ್ದಿದ್ದರೆ ಬೇರೆ ಥರದ ಕೆಲಸ ಮಾಡುತ್ತಿದ್ದೆ, ನಿಜ. ಆದರೆ ಇಡೀ ಕೃತಿಯನ್ನು ನಾನು ಮೊದಲ ಸಲ ನೋಡುವುದು ಅದು ಗೋಡೆಗೆ ಏರಿದ ದಿನವೇ. ಅಷ್ಟು ದಿನ ಒಂದು ಪಟ್ಟಿಯ ಅಂಚಿಗೆ ಮುಂದಿನ ಪಟ್ಟಿಯ ಅಂಚು ಒಗ್ಗುತ್ತದೆಯಾ ಅಂತ ಮಾತ್ರ ನೋಡುತ್ತಿರುತ್ತೇನೆ. ಅವ್ವ ತೇಪೆ ಇಟ್ಟು ದೂರ ಸರಿದು ನೋಡಿದ ಹಾಗೆ.

ಮಾತಿನ ಕೊನೆಗೆ ಮುಂದಿನ ಸಾಲಿನ ಒಬ್ಬ ಹಿರಿಯರು ಕೇಳಿದರು, ಮಷೀನಿನಲ್ಲಿ ಬೇಗ ಆಗುವುದಿಲ್ವಾ ಅಂತ. ಆಗುತ್ತದೆ. ಪಟ್ಟಿಗಳ ಬೆನ್ನಿಗೆ ನಾನೂ ಮಷೀನ್ ಹಾಕುತ್ತೇನೆ. ಎರಡು ಪಟ್ಟಿ ಕೂಡುವ ಸಾಲನ್ನು ಮಾತ್ರ ಕೈಯಲ್ಲೇ ಹೊಲಿಯುತ್ತೇನೆ, ಯಾಕೆಂದರೆ ಬಟ್ಟೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಸೂಜಿಗೆ ಗೊತ್ತಾಗುತ್ತದೆ. ಒಬ್ಬ ಹುಡುಗಿ, ನಮ್ಮ ಮನೆಯಲ್ಲಿ ಎಲ್ಲ ಪಾಲಿಯೆಸ್ಟರ್ ಸೀರೆಗಳೇ, ಅದು ನಡೆಯುತ್ತಾ ಅಂದಳು. ಕಂದಾ, ನಡೆಯುತ್ತದೆ. ಅದು ನಿನ್ನ ಅಮ್ಮ ಉಟ್ಟ ಸೀರೆ ತಾನೇ? ಗಂಟಿಗೆ ಎರಡು ಸುತ್ತು ಹಾಕಿದರಾಯಿತು.

ಈಗ ಒಂದು ಹೊಸ ಕೆಲಸ ಶುರುವಾಗಿದೆ. ಮುಂಬೈಯ ಕನ್ನಡದ ಮನೆಗಳ ಹಳೆ ಸೀರೆಗಳಿಂದ ಒಂದು ದೊಡ್ಡ ಕೌದಿ. ನಾಲ್ಕು ಮೂಲೆಯ ಹೂವು ಹೊಲಿದು ಆಗಿದೆ, ಒಂದು ಅಂಚು ಮುಗಿದಿದೆ. ನಿಮ್ಮ ಮನೆಯಲ್ಲಿ ಹರಿದ ಸೀರೆ ಇದ್ದರೆ ಮುಂದಿನ ತಿಂಗಳು ಇಲ್ಲಿಗೇ ತನ್ನಿ. ತೊಳೆದು ತನ್ನಿ, ಇಸ್ತ್ರಿ ಬೇಡ. ಯಾರ ಸೀರೆ ಅಂತ ಒಂದು ಚೀಟಿ ಬರೆದು ಪಿನ್ ಹಾಕಿ. ಸೂಜಿ ನಾನು ತರುತ್ತೇನೆ.